ಸ್ಪೇ ಆದ ಹೆಣ್ಣು ನಾಯಿ ನಿದ್ದೆಯಲ್ಲಿ ಉಚ್ಚೆ ಸೋರಿಸುತ್ತಿದೆ, ಏನು ಮಾಡಲಿ?

ಚುಕ್ಕಿಯಮ್ಮ
ಎಲ್ಲರಿಗೂ ನಮಸ್ಕಾರ, ಮೈಸೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಚುಕ್ಕಿ ಲ್ಯಾಬ್ರಡಾರ್. ಈಗ 7 ವರ್ಷ, 34 ಕೆಜಿ. ಒಂದೂವರೆ ವರ್ಷ ಇದ್ದಾಗ ಸ್ಪೇ (ಮರಿ ಆಗದ ಹಾಗೆ ಮಾಡುವ ಆಪರೇಷನ್) ಮಾಡಿಸಿದ್ದೆವು. ಬುದ್ಧಿ ಬಂದ ಮೇಲೆ ಮನೆಯೊಳಗೆ ಒಂದು ದಿನವೂ ಗಲೀಜು ಮಾಡಿದವಳಲ್ಲ. ಬಾಗಿಲ ಹತ್ತಿರ ಹೋಗಿ ಒಂದು ಸಲ ಕುಂಯ್ ಅಂದರೆ ನಮಗೆ ಗೊತ್ತಾಗುತ್ತಿತ್ತು.

ಒಂದು ತಿಂಗಳಿಂದ ಅವಳು ಮಲಗಿ ಎದ್ದ ಜಾಗ ಒದ್ದೆ ಇರುತ್ತೆ. ಮೊದಮೊದಲು ಅಂಗೈ ಅಗಲ ಇತ್ತು. ಈಗ ಊಟದ ತಟ್ಟೆಯಷ್ಟು ಆಗಿದೆ. ಎಚ್ಚರ ಇದ್ದಾಗ ಏನೂ ಇಲ್ಲ. ಹೊರಗೆ ಹೋದಾಗ ಸರಿಯಾಗೇ ಉಚ್ಚೆ ಮಾಡುತ್ತಾಳೆ.

ಮೊನ್ನೆ ಸೋಫಾ ಒದ್ದೆ ಆಗಿದ್ದು ನೋಡಿ ಜೋರಾಗಿ ಬೈದುಬಿಟ್ಟೆ. ಅವಳು ಎದ್ದಳು, ತಿರುಗಿ ಆ ಜಾಗ ಮೂಸಿದಳು, ನೆಕ್ಕಲು ಶುರು ಮಾಡಿದಳು. ಆಮೇಲೆ ಕಿವಿ ಇಳಿಬಿಟ್ಟುಕೊಂಡು ಬಾಗಿಲ ಹಿಂದೆ ಹೋಗಿ ಕೂತಳು. ಅವತ್ತಿಂದ ನನಗೆ ಊಟ ಸೇರುತ್ತಿಲ್ಲ.

ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಎರಡೇ ನಿಮಿಷ ನೋಡಿ "ವಯಸ್ಸಾಯ್ತಲ್ಲ, ಇನ್ನು ಹೀಗೇ" ಅಂದರು. ಮನೆಯಲ್ಲಿ ಅತ್ತೆ "ಹೊರಗೆ ಕಟ್ಟಿಬಿಡು" ಅನ್ನುತ್ತಿದ್ದಾರೆ. ಇದು ನಿಜವಾಗಿಯೂ ವಯಸ್ಸಿನದ್ದಾ? ಸ್ಪೇ ಮಾಡಿಸಿದ್ದಕ್ಕಾ? ರಾತ್ರಿ ನೀರು ಇಡದಿದ್ದರೆ ಸರಿಹೋಗುತ್ತಾ?

ಹಾಸನದ ಹುಡುಗ
ಸಂಜೆ 6 ಆದ ಮೇಲೆ ನೀರಿನ ಬಟ್ಟಲು ಎತ್ತಿಡಿ. ನಮ್ಮ ಮನೆಯಲ್ಲಿ ಹಾಗೇ ಮಾಡೋದು.

ಡಾಬರ್‌ಮನ್ ಮನೆ
ದಯವಿಟ್ಟು ನೀರು ಮಾತ್ರ ನಿಲ್ಲಿಸಬೇಡಿ! ಸಕ್ಕರೆ ಕಾಯಿಲೆಯೋ ಕಿಡ್ನಿ ತೊಂದರೆಯೋ ಇದ್ದು ಜಾಸ್ತಿ ಉಚ್ಚೆ ಹೋಗುತ್ತಿದ್ದರೆ, ನೀರು ತಪ್ಪಿಸಿದ ಒಂದೇ ರಾತ್ರಿಯಲ್ಲಿ ನಾಯಿ ಸೊರಗಿಹೋಗುತ್ತೆ.

ಚುಕ್ಕಿಯಮ್ಮ, ನಿಮ್ಮ ಕಥೆ ಓದಿ ನಮ್ಮ ರಾಣಿಯೇ ಕಣ್ಣ ಮುಂದೆ ಬಂದಳು. ಅವಳಿಗೆ 5 ವರ್ಷಕ್ಕೇ ಶುರುವಾಗಿತ್ತು, ಸ್ಪೇ ಆಗಿ ಮೂರು ವರ್ಷಕ್ಕೆ. ನಾನೂ ಬೈದಿದ್ದೇನೆ, ನಾನೂ ಅತ್ತಿದ್ದೇನೆ. ಅವಳು ಬೇಕು ಅಂತ ಮಾಡುತ್ತಿಲ್ಲ. ಅದು ಹೋಗುತ್ತಿರುವುದು ಅವಳಿಗೆ ಗೊತ್ತೇ ಆಗುವುದಿಲ್ಲ. ಎದ್ದ ಮೇಲೆ ಮೂಸಿ ನೋಡಿದಳು ಅಂದಿರಲ್ಲ, ಅದೇ ಗುರುತು. ಔಷಧಿ ಶುರು ಮಾಡಿದ ಮೇಲೆ ರಾಣಿ ಇನ್ನೂ ಆರು ವರ್ಷ ನಮ್ಮ ಹಾಸಿಗೆ ಪಕ್ಕದಲ್ಲೇ ಮಲಗಿದಳು, ಒಣಗಿದ ಹಾಸಿಗೆಯಲ್ಲಿ.

ಮುಧೋಳ್ ಮಂದಿ
ಇದಕ್ಕೇ ನಾನು ಹೇಳೋದು, ಹೆಣ್ಣು ನಾಯಿಗೆ ಆಪರೇಷನ್ ಮಾಡಿಸಲೇಬೇಡಿ ಅಂತ. ನಮ್ಮ ತೋಟದಲ್ಲಿ ಮೂರು ತಲೆಮಾರಿನಿಂದ ಮುಧೋಳ ನಾಯಿ ಸಾಕಿದ್ದೇವೆ. ಒಂದಕ್ಕೂ ಮಾಡಿಸಿಲ್ಲ, ಒಂದಕ್ಕೂ ಈ ಕಾಟ ಬಂದಿಲ್ಲ. ದೇವರು ಕೊಟ್ಟ ಅಂಗ ತೆಗೆಸಿ ಆಮೇಲೆ ಮಾತ್ರೆ ಹುಡುಕುತ್ತಾ ಅಲೆಯೋದು ಯಾಕೆ?

ಬೀದಿನಾಯಿ ಗೆಳತಿ
@ಮುಧೋಳ್ ಮಂದಿ ನಿಮ್ಮ ಮೂರು ತಲೆಮಾರಿನಲ್ಲಿ ಒಂದಕ್ಕೂ ಗರ್ಭಕೋಶದಲ್ಲಿ ಕೀವು ತುಂಬಿಲ್ವಾ? ಪಯೋಮೆಟ್ರಾ ಅನ್ನುತ್ತಾರೆ. ನಾನು ಎರಡು ಸಲ ನೋಡಿದ್ದೇನೆ. ಬೆದೆ ಮುಗಿದು ಒಂದೂವರೆ ತಿಂಗಳಿಗೆ ನಾಯಿ ಊಟ ಬಿಟ್ಟಿತು, ಬಿಂದಿಗೆಗಟ್ಟಲೆ ನೀರು ಕುಡಿಯಿತು, ಮೂರನೇ ದಿನ ಎದ್ದು ನಿಲ್ಲಲಿಲ್ಲ. ಒಂದು ಉಳಿಯಿತು, ಒಂದು ಹೋಯಿತು. ಸ್ವೀಡನ್‌ನಲ್ಲಿ ಸ್ಪೇ ಮಾಡಿಸುವವರು ಕಡಿಮೆ. ಅಲ್ಲಿನ ವಿಮೆ ಲೆಕ್ಕದ ಪ್ರಕಾರ ಹತ್ತು ವರ್ಷ ತುಂಬುವುದರೊಳಗೆ ಹೆಣ್ಣು ನಾಯಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಪಯೋಮೆಟ್ರಾ ಬಂದಿತ್ತು. ಅದು ಜೀವ ತೆಗೆಯುವ ಕಾಯಿಲೆ. ಉಚ್ಚೆ ಸೋರುವುದು ಬಟ್ಟೆ ಒಗೆಯುವ ಕೆಲಸ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮುಧೋಳ್ ಮಂದಿ
ಕೀವು ಬಂದಿದ್ದು ಒಂದಕ್ಕೆ ನೆನಪಿದೆ, ಅದು ಅಜ್ಜನ ಕಾಲದಲ್ಲಿ. ಆದರೂ ಬಟ್ಟೆ ಒಗೆಯುವ ಕೆಲಸ ಅಂತ ಹಗುರ ಮಾಡಬೇಡಿ. ಇದೇ ಕಾರಣಕ್ಕೆ ಎಷ್ಟು ಜನ ನಾಯಿಯನ್ನು ಬೀದಿಗೆ ಬಿಟ್ಟಿದ್ದಾರೆ ಅಂತ ನಿಮಗೇ ಚೆನ್ನಾಗಿ ಗೊತ್ತು.

ಬೀದಿನಾಯಿ ಗೆಳತಿ
ಆ ಮಾತು ಒಪ್ಪುತ್ತೇನೆ. ಹೋದ ವರ್ಷ ನಮ್ಮ ರಸ್ತೆಗೆ ಕಾಲರ್ ಹಾಕಿದ್ದ ಬಾಕ್ಸರ್ ಒಂದನ್ನು ಯಾರೋ ಬಿಟ್ಟು ಹೋಗಿದ್ದರು. ಹಿಂದಿನ ತೊಡೆಯ ಒಳಭಾಗ ಉಚ್ಚೆಗೆ ಬೆಂದು ಕೆಂಪಾಗಿತ್ತು. ಅದನ್ನು ನೋಡಿದಾಗಲೇ ಯಾಕೆ ಬಿಟ್ಟರು ಅಂತ ಗೊತ್ತಾಯಿತು.

ದನದ ಡಾಕ್ಟ್ರು
ನಾನು ಪಶುವೈದ್ಯ, ಶಿವಮೊಗ್ಗ ಕಡೆ ಕೆಲಸ. ಹೆಸರಿಗೆ ದನದ ಡಾಕ್ಟರಾದರೂ ಈಗ ದಿನಕ್ಕೆ ಅರ್ಧ ನಾಯಿಗಳೇ ಬರುತ್ತವೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೂತ್ರಚೀಲದ ಬಾಯಿಯಲ್ಲಿ ಬಿಗಿಹಿಡಿಯುವ ಸ್ನಾಯು ಇರುತ್ತದೆ. ಹೆಣ್ಣು ನಾಯಿಯಲ್ಲಿ ಆ ಬಿಗಿತಕ್ಕೆ ಈಸ್ಟ್ರೋಜನ್ ಹಾರ್ಮೋನಿನ ಬಲ ಬೇಕು. ಅಂಡಾಶಯ ತೆಗೆದ ಮೇಲೆ ಅದು ಇಳಿದುಹೋಗುತ್ತದೆ. ಕೆಲವು ನಾಯಿಗಳಲ್ಲಿ ಸ್ನಾಯು ನಿಧಾನಕ್ಕೆ ಸಡಿಲ ಆಗುತ್ತಾ ಬರುತ್ತದೆ, ನಲ್ಲಿಯ ವಾಷರ್ ಸವೆದ ಹಾಗೆ. ಎಚ್ಚರ ಇದ್ದಾಗ ಹೇಗೋ ತಡೆಯುತ್ತದೆ. ಮಲಗಿದಾಗ ಮೈ ಸಡಿಲ ಬಿಟ್ಟು, ಹೊಟ್ಟೆಯ ಒತ್ತಡ ಬಿದ್ದಾಗ ಸೋರುತ್ತದೆ. ಸ್ಪೇ ಆದ ತಕ್ಷಣ ಶುರುವಾಗಬಹುದು, ಹತ್ತು ವರ್ಷ ಬಿಟ್ಟೂ ಆಗಬಹುದು. ಜಾಸ್ತಿ ನೋಡುವುದು ಎರಡು ಮೂರು ವರ್ಷದ ನಂತರ. 20 ಕೆಜಿ ಮೀರಿದ ನಾಯಿಗಳಲ್ಲಿ ಹೆಚ್ಚು. ಡಾಬರ್‌ಮನ್, ಬಾಕ್ಸರ್, ರಾಟ್‌ವೀಲರ್, ಐರಿಷ್ ಸೆಟರ್ ಇವುಗಳಲ್ಲಿ ಇನ್ನೂ ಹೆಚ್ಚು. ಇಂಗ್ಲೆಂಡಿನ ಕ್ಲಿನಿಕ್‌ಗಳ ದಾಖಲೆ ಸೇರಿಸಿ ಮಾಡಿದ ದೊಡ್ಡ ಲೆಕ್ಕದಲ್ಲಿ ಎಲ್ಲಾ ಹೆಣ್ಣು ನಾಯಿ ಸೇರಿ ನೂರಕ್ಕೆ ಸುಮಾರು 3 ಇದ್ದರೆ, ಡಾಬರ್‌ಮನ್‌ನಲ್ಲಿ ಐದಕ್ಕೆ ಒಂದು ಇತ್ತು.

ಆದರೆ ಚುಕ್ಕಿಗೆ ಇದೇ ಆಗಿದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಮೊದಲು ಉಚ್ಚೆ ಪರೀಕ್ಷೆ ಆಗಲೇಬೇಕು. ಸೋಂಕು ಇದೆಯಾ, ಸಕ್ಕರೆ ಹೋಗುತ್ತಿದೆಯಾ, ಉಚ್ಚೆ ಗಟ್ಟಿ ಇದೆಯಾ ತೆಳ್ಳಗಿದೆಯಾ. ತೆಳ್ಳಗಿದ್ದರೆ ಕಿಡ್ನಿ, ಸಕ್ಕರೆ ಕಾಯಿಲೆ, ಕುಶಿಂಗ್ಸ್ (ಕಾರ್ಟಿಸಾಲ್ ಹಾರ್ಮೋನ್ ಅತಿಯಾಗುವ ಕಾಯಿಲೆ) ಕಡೆ ನೋಡಬೇಕಾಗುತ್ತದೆ. ಜೊತೆಗೆ ರಕ್ತ ಪರೀಕ್ಷೆ, ಸಾಧ್ಯವಾದರೆ ಹೊಟ್ಟೆ ಸ್ಕ್ಯಾನ್. ಮುಟ್ಟದೆ, ಪರೀಕ್ಷೆ ಮಾಡದೆ "ವಯಸ್ಸು" ಅಂದರೆ ಒಪ್ಪಿಕೊಳ್ಳಬೇಡಿ. 7 ವರ್ಷ ಲ್ಯಾಬ್‌ಗೆ ಮುದಿತನವೇ ಅಲ್ಲ.

ನೀವು ಮನೆಯಲ್ಲೇ ಮಾಡಬಹುದಾದ್ದು ಒಂದಿದೆ. ಮೂರು ದಿನ ಅವಳು ಕುಡಿಯುವ ನೀರು ಅಳೆಯಿರಿ. ಬೆಳಿಗ್ಗೆ ಅಳೆದು ಹಾಕಿ, ಮರುದಿನ ಉಳಿದಿದ್ದನ್ನು ಕಳೆಯಿರಿ. ಕೆಜಿಗೆ 100 ಮಿಲೀ ದಾಟಿದರೆ, ಅಂದರೆ ಚುಕ್ಕಿಗೆ ದಿನಕ್ಕೆ 3.4 ಲೀಟರ್ ಮೀರಿದರೆ, ಬೇರೆ ಕಾಯಿಲೆ ಹುಡುಕಬೇಕು.

ಕರಾವಳಿ ಕುಟುಂಬ
ಡಾಕ್ಟ್ರೇ, ಸ್ಯಾಂಪಲ್ ಹಿಡಿಯೋದು ಹೇಗೆ? ನಮ್ಮವಳು ನಾನು ಬಗ್ಗಿದರೆ ಸಾಕು, ಉಚ್ಚೆ ನಿಲ್ಲಿಸಿ ನನ್ನ ಮುಖ ನೆಕ್ಕಲು ಬರುತ್ತಾಳೆ.

ಡಾಬರ್‌ಮನ್ ಮನೆ
ಉದ್ದ ಹಿಡಿಯ ಸಾರಿನ ಸೌಟು! ಕುದಿಯುವ ನೀರಲ್ಲಿ ತೊಳೆದು ಒಣಗಿಸಿ. ಬೆಳಿಗ್ಗೆ ಮೊದಲ ಸಲ ಹೊರಗೆ ಬಿಡುವಾಗ ಚಿಕ್ಕ ಹಗ್ಗ ಹಾಕಿ ಪಕ್ಕದಲ್ಲೇ ನಡೆಯಿರಿ. ಅವಳು ಕೂತು ಎರಡು ಸೆಕೆಂಡ್ ಆದ ಮೇಲೆ ಹಿಂದಿನಿಂದ ಸೌಟು ಜಾರಿಸಿ. ಮೊದಲೇ ಇಟ್ಟರೆ ಎದ್ದುಬಿಡುತ್ತಾಳೆ. ಎರಡು ಚಮಚ ಸಿಕ್ಕರೆ ಸಾಕು. ಮೆಡಿಕಲ್ ಶಾಪಿನ ಮುಚ್ಚಳದ ಡಬ್ಬಿಗೆ ಸುರಿದು ಒಂದೆರಡು ಗಂಟೆಯೊಳಗೆ ಕೊಡಿ. ತಡ ಆದರೆ ಫ್ರಿಜ್‌ನಲ್ಲಿಡಿ.

ದನದ ಡಾಕ್ಟ್ರು
ಸರಿಯಾಗಿದೆ. ಕಲ್ಚರ್ (ಯಾವ ರೋಗಾಣು ಅಂತ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸುವುದಾದರೆ ಮಾತ್ರ ನೆಲಕ್ಕೆ ಬೀಳುವ ಉಚ್ಚೆ ಬೇಡ. ಕ್ಲಿನಿಕ್ಕಿನಲ್ಲಿ ಹೊಟ್ಟೆಯ ಮೇಲಿಂದ ಸಣ್ಣ ಸೂಜಿಯಲ್ಲಿ ನೇರ ಮೂತ್ರಚೀಲದಿಂದ ತೆಗೆಯುತ್ತೇವೆ. ಕೇಳಿದರೆ ಭಯ ಆಗುತ್ತೆ, ನಾಯಿಗೆ ಇಂಜೆಕ್ಷನ್‌ಗಿಂತ ಜಾಸ್ತಿ ನೋವಿಲ್ಲ.

ಹಾಸನದ ಹುಡುಗ
ನೀರಿನ ವಿಷಯ ನನಗೆ ಗೊತ್ತಿರಲಿಲ್ಲ. ಇವತ್ತಿಂದ ನಮ್ಮ ಮನೆಯಲ್ಲೂ ರಾತ್ರಿ ಬಟ್ಟಲು ಇಡುತ್ತೇನೆ.

ತುಮಕೂರು ಟಾಮಿ
ಇದಕ್ಕೆ ಬಾರ್ಲಿ ನೀರು ಕುಡಿಸಿ, ಉಚ್ಚೆ ಸಮಸ್ಯೆಗೆಲ್ಲ ರಾಮಬಾಣ. ಇನ್ನೊಂದು, ಅಂತರ್ಜಾಲದಲ್ಲಿ ಓದಿದೆ, ಫಿನೈಲ್‌ಪ್ರೊಪನೊಲಮೈನ್ ಅನ್ನೋದು ಇದಕ್ಕೆ ಒಳ್ಳೆ ಔಷಧಿಯಂತೆ, ಅದು ನೆಗಡಿ ಮಾತ್ರೆಯಲ್ಲಿ ಇರುತ್ತಂತೆ. ಅರ್ಧ ನೆಗಡಿ ಮಾತ್ರೆ ಕೊಟ್ಟು ನೋಡಿ.

ದನದ ಡಾಕ್ಟ್ರು
ನೆಗಡಿ ಮಾತ್ರೆ ಬೇಡ, ಬೇಡ, ಬೇಡ. ಯಾರೂ ಮಾಡಬೇಡಿ. ಈಗಿನ ನೆಗಡಿ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಇರುತ್ತದೆ, ಕೆಲವದರಲ್ಲಿ ಕೆಫೀನ್ ಕೂಡ. ಪ್ಯಾರಸಿಟಮಾಲ್ ಪ್ರಮಾಣ ಮೀರಿದರೆ ನಾಯಿಯ ಲಿವರ್ ಹಾಳಾಗುತ್ತದೆ. ಬೆಕ್ಕಿಗಂತೂ ಒಂದು ಮಾತ್ರೆ ಸಾಕು ಪ್ರಾಣ ಹೋಗಲು.

ಫಿನೈಲ್‌ಪ್ರೊಪನೊಲಮೈನ್ ಒಳ್ಳೆಯ ಔಷಧಿ ಅನ್ನೋದು ನಿಜ. ಆ ಸ್ನಾಯುವನ್ನು ಬಿಗಿ ಮಾಡುತ್ತದೆ, ಕೆಲವೇ ದಿನದಲ್ಲಿ ಗುಣ ಕಾಣುತ್ತದೆ. ಆದರೆ ಬಿಡಿಯಾಗಿ, ತೂಕ ನೋಡಿ, ಪಶುವೈದ್ಯರು ಬರೆದ ಹಾಗೆ ಕೊಡಬೇಕು. ಬಿಪಿ ಏರಿಸುತ್ತದೆ. ಹೃದಯ, ಕಿಡ್ನಿ ತೊಂದರೆ ಇರುವ ನಾಯಿಗೆ ಯೋಚಿಸಿ ಕೊಡಬೇಕು. ಮನುಷ್ಯರಲ್ಲಿ ಮೆದುಳಿನ ರಕ್ತಸ್ರಾವದ ಭಯದಿಂದ 2000ನೇ ಇಸವಿಯಲ್ಲೇ ಅಮೆರಿಕದಲ್ಲಿ ಇದನ್ನು ನೆಗಡಿ ಔಷಧಿಗಳಿಂದ ತೆಗೆಸಲು ಹೊರಟರು. ಅದೇ ದೇಶ 2011ರಲ್ಲಿ ನಾಯಿಗಳ ಈ ತೊಂದರೆಗೆ ಇದನ್ನು ಕೊಡಲು ಒಪ್ಪಿಗೆ ಕೊಟ್ಟಿತು.

ನಮ್ಮ ಕಡೆಯವರು ಇನ್ನೊಂದು ನೆನಪಿಡಬೇಕು. ಉಣ್ಣೆ ಹುಳಕ್ಕೆ ಅಮಿಟ್ರಾಜ್ ನೀರು ಹಾಕಿ ಸ್ನಾನ ಮಾಡಿಸುತ್ತೀರಲ್ಲ, ಫಿನೈಲ್‌ಪ್ರೊಪನೊಲಮೈನ್ ಜೊತೆ ಅದು ಕೂಡಿಬರುವುದಿಲ್ಲ, ಬಿಪಿ ವಿಪರೀತ ಏರಬಹುದು. ಯಾವ ಉಣ್ಣೆ ಔಷಧಿ ಹಾಕುತ್ತಿದ್ದೀರಿ ಅಂತ ವೈದ್ಯರಿಗೆ ಹೇಳಿ.

ಬಾರ್ಲಿ ನೀರು ಉಚ್ಚೆ ಹೆಚ್ಚಿಸುತ್ತದೆ. ಸೋರುವ ನಾಯಿಗೆ ಅದು ಉಲ್ಟಾ ಕೆಲಸ.

ತುಮಕೂರು ಟಾಮಿ
ಸರಿ ಸರ್, ತಪ್ಪಾಯಿತು. ನನ್ನ ಮಾತು ಓದಿ ಯಾರೂ ಕೊಡಬೇಡಿ.

ಲೀಡ್ಸ್ ಕನ್ನಡಿಗ
ನಾನು ಇಂಗ್ಲೆಂಡಿನಲ್ಲಿದ್ದೇನೆ, ಮೂಲ ದಾವಣಗೆರೆ. ನಮ್ಮ ಸ್ಪ್ರಿಂಗರ್ ಸ್ಪೇನಿಯಲ್‌ಗೆ ಪ್ರೊಪಲಿನ್ (ಅದೇ ಫಿನೈಲ್‌ಪ್ರೊಪನೊಲಮೈನ್) ಸಿರಪ್ ಕೊಡುತ್ತಿದ್ದೇವೆ. ಇಲ್ಲಿ ವೆಟ್ ಬರೆದುಕೊಡದೆ ಸಿಗುವುದಿಲ್ಲ. ಊಟದ ಮೇಲೆ ಹಾಕಿ ಕೊಡೋದು. ನಮಗೆ ನಾಲ್ಕನೇ ದಿನಕ್ಕೆ ಹಾಸಿಗೆ ಒಣಗಿತು. ಮೊದಲ ವಾರ ಸುಮ್ನೆ ಸುಮ್ನೆ ಏದುಸಿರು ಬಿಡುತ್ತಿದ್ದಳು, ರಾತ್ರಿ ಮನೆಯೆಲ್ಲಾ ಓಡಾಡುತ್ತಿದ್ದಳು. ಪ್ರಮಾಣ ಕಡಿಮೆ ಮಾಡಿದ ಮೇಲೆ ನಿಂತಿತು. ಒಂದು ಹೊತ್ತು ತಪ್ಪಿಸಿದರೂ ಮರುದಿನ ಒದ್ದೆ. ಹಾಗಾಗಿ ಫೋನ್‌ನಲ್ಲಿ ಅಲಾರಂ ಇಟ್ಟಿದ್ದೇವೆ.

ಕರಾವಳಿ ಕುಟುಂಬ
ನಮ್ಮ ಊರಲ್ಲಿ ಆ ಔಷಧಿ ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ನಮ್ಮ ವೆಟ್ ಎಸ್ಟ್ರಿಯಾಲ್ ಮಾತ್ರೆ ಬರೆದರು. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಕೊಡುತ್ತಾರಲ್ಲ, ಅದೇ. ಅಂಗಡಿಯವ "ಯಾರಿಗೆ?" ಅಂದ, "ನಾಯಿಗೆ" ಅಂದೆ, ಚೀಟಿ ಎರಡು ಸಲ ಓದಿ ಕೊಟ್ಟ. ಮೊದಲು ದಿನಕ್ಕೆ 2 ಮಿಗ್ರಾಂ, ಒಣಗಿದ ಮೇಲೆ 1, ಆಮೇಲೆ ಅರ್ಧ. ಈಗ ಎರಡು ದಿನಕ್ಕೊಮ್ಮೆ ಅರ್ಧ ಕೊಡುತ್ತೇವೆ. ನಾಯಿಯ ತೂಕಕ್ಕೂ ಮಾತ್ರೆಗೂ ಸಂಬಂಧ ಇಲ್ಲ ಅಂದರು, ಅದು ಆಶ್ಚರ್ಯ ಆಯಿತು.

ದನದ ಡಾಕ್ಟ್ರು
ಹೌದು, ಎಸ್ಟ್ರಿಯಾಲ್ ತೂಕದ ಲೆಕ್ಕದಲ್ಲಿ ಕೊಡುವುದಲ್ಲ. ಎಷ್ಟು ಕಡಿಮೆಯಲ್ಲಿ ಒಣಗಿರುತ್ತಾಳೋ ಅಷ್ಟಕ್ಕೆ ಇಳಿಸುತ್ತಾ ಬರಬೇಕು. ಗುಪ್ತಾಂಗ ಸ್ವಲ್ಪ ಊದಿಕೊಳ್ಳಬಹುದು, ಮೊಲೆತೊಟ್ಟು ದಪ್ಪ ಆಗಬಹುದು, ಬೀದಿಯ ಗಂಡು ನಾಯಿಗಳು ಹಿಂದೆ ಬೀಳಬಹುದು. ಪ್ರಮಾಣ ಇಳಿಸಿದರೆ ಸರಿಹೋಗುತ್ತದೆ. ಸ್ಪೇ ಆಗದ ನಾಯಿಗೆ ಇದನ್ನು ಕೊಡುವ ಹಾಗಿಲ್ಲ. ಜಾಸ್ತಿ ನೀರು ಕುಡಿದು ಜಾಸ್ತಿ ಉಚ್ಚೆ ಹೋಗುವ ನಾಯಿಗೂ ಇದಲ್ಲ. ಹಳೇ ಕಾಲದ ಸ್ಟಿಲ್‌ಬೆಸ್ಟ್ರಾಲ್ ಅನ್ನುವ ಈಸ್ಟ್ರೋಜನ್ ಔಷಧಿ ಬೇರೆ. ಅದು ಮೂಳೆಮಜ್ಜೆಗೆ ಪೆಟ್ಟು ಕೊಡಬಲ್ಲದು, ತುಂಬಾ ಎಚ್ಚರ ಬೇಕು. ಎರಡೂ ಒಂದೇ ಅಂದುಕೊಳ್ಳಬೇಡಿ.

ಬೀದಿನಾಯಿ ಗೆಳತಿ
ಒಂದು ಅನುಮಾನ. ಎಬಿಸಿ (ಬೀದಿ ನಾಯಿಗಳ ಸಂತಾನ ನಿಯಂತ್ರಣ) ಯೋಜನೆಯಲ್ಲಿ ನಾವು ಆರು ತಿಂಗಳು ದಾಟಿದ ಬೀದಿ ನಾಯಿಗಳಿಗೆ ಸ್ಪೇ ಮಾಡಿಸುತ್ತೇವೆ. ಅವುಗಳಲ್ಲಿ ಇದನ್ನು ನಾನು ಹೆಚ್ಚು ನೋಡಿಲ್ಲ. ದೊಡ್ಡ ಜಾತಿಗೆ ಮಾತ್ರ ತಡ ಮಾಡಬೇಕಾ?

ದನದ ಡಾಕ್ಟ್ರು
ನಮ್ಮ ನಾಡ ನಾಯಿಗಳು ಸಾಮಾನ್ಯವಾಗಿ 20 ಕೆಜಿ ಒಳಗೇ ಇರುತ್ತವೆ, ಅದೊಂದು ಕಾರಣ. ಬೀದಿಯಲ್ಲಿ ಮಲಗುವ ನಾಯಿಯ ಕೆಳಗೆ ಒದ್ದೆ ಇದೆಯಾ ಅಂತ ನೋಡುವವರೂ ಇಲ್ಲ, ಅದು ಇನ್ನೊಂದು. ಮೂರು ತಿಂಗಳೊಳಗೆ ಮಾಡಿಸಿದರೆ ಅಪಾಯ ಹೆಚ್ಚು ಅನ್ನುವುದಕ್ಕೆ ಆಧಾರ ಇದೆ. ಅದರಾಚೆಗೆ ಯಾವ ವಯಸ್ಸು ಒಳ್ಳೆಯದು ಅನ್ನುವುದರಲ್ಲಿ ವೈದ್ಯರಲ್ಲೇ ಒಮ್ಮತ ಇಲ್ಲ. ಡಾಬರ್‌ಮನ್, ರಾಟ್‌ವೀಲರ್ ತಂದವರಿಗೆ ನಾನು ಪೂರ್ತಿ ಬೆಳೆಯುವವರೆಗೆ ಕಾಯಿರಿ ಅನ್ನುತ್ತೇನೆ. ಬೀದಿ ನಾಯಿಗೆ ಕಾಯಬೇಡಿ. ಮುಂದಿನ ಸಲ ಹಿಡಿಯಲು ಸಿಗುವಾಗ ಅದರ ಹೊಟ್ಟೆಯಲ್ಲಿ ಆರು ಮರಿ ಇರುತ್ತವೆ.

@ಮುಧೋಳ್ ಮಂದಿ, ನಿಮ್ಮ ನಾಯಿಗಳಿಗೆ ಮಾಡಿಸಿಲ್ಲ ಅಂದರೆ ಬೆದೆ ಮುಗಿದ ಎರಡು ತಿಂಗಳು ನೀರು, ಊಟ, ಕೀವು ಇಷ್ಟನ್ನು ಗಮನಿಸಿ. ಅಷ್ಟು ಮಾಡಿದರೆ ನಿಮ್ಮ ಜೊತೆ ನನ್ನ ಜಗಳ ಇಲ್ಲ.

ಮುಧೋಳ್ ಮಂದಿ
ಮಾಡುತ್ತೇನೆ. ಬೆದೆ ತಾರೀಕು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡುವ ಅಭ್ಯಾಸ ನಮ್ಮ ಮನೆಯಲ್ಲಿ ಇದೆ.

ಕೊಡಗಿನ ಕಾಫಿ ತೋಟ
ಔಷಧಿ ಎಲ್ಲಾ ಹೇಳಿದಿರಿ, ಮೈ ಶುಚಿ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಮಳೆಗಾಲ ಅಂದರೆ ಬಟ್ಟೆ ಒಣಗುವುದೇ ಇಲ್ಲ. ಎರಡು ವರ್ಷದ ಹಿಂದೆ ಜುಲೈನಲ್ಲಿ ನಮ್ಮ ಜರ್ಮನ್ ಶೆಫರ್ಡ್‌ಗೆ ಬಾಲದ ಕೆಳಗಿನ ಕೂದಲು ಸದಾ ಒದ್ದೆ ಇರುತ್ತಿತ್ತು. ಉದ್ದ ಕೂದಲು, ಮೇಲೆ ಏನೂ ಕಾಣುತ್ತಿರಲಿಲ್ಲ. ಒಂದು ದಿನ ಕೆಟ್ಟ ವಾಸನೆ ಬಂತು ಅಂತ ಕೂದಲು ಸರಿಸಿ ನೋಡಿದರೆ ಹುಳ ಮಿಜಿಗುಡುತ್ತಿದ್ದವು. ನೊಣ ಕೂತು ಮೊಟ್ಟೆ ಇಟ್ಟಿತ್ತು. ಕೈ ನಡುಗಿತು ನನಗೆ. ಒಂದೊಂದೇ ತೆಗೆಸಲು ಒಂದು ಗಂಟೆ ಹಿಡಿಯಿತು. ಅವಳು ಒಂದು ಸಲವೂ ಗುರ್ ಅನ್ನಲಿಲ್ಲ, ನನ್ನ ತೊಡೆ ಮೇಲೆ ತಲೆ ಇಟ್ಟುಕೊಂಡೇ ಇದ್ದಳು.

ಈಗ ಹಿಂದಿನ ಕೂದಲನ್ನು ಚಿಕ್ಕದಾಗಿ ಕತ್ತರಿಸಿಡುತ್ತೇವೆ. ದಿನಕ್ಕೆ ಎರಡು ಸಲ ಉಗುರು ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಲ್ಲಿ ಒತ್ತಿ ಒಣಗಿಸುತ್ತೇವೆ. ಸೋಪು ದಿನಾ ಹಾಕುವುದಿಲ್ಲ. ದಿನಾ ಕೂದಲು ಸರಿಸಿ ನೋಡಿ, ದಯವಿಟ್ಟು. ಮೇಲಿಂದ ನೋಡಿದರೆ ಸಾಲದು.

ಚುಕ್ಕಿಯಮ್ಮ
ಓದಿ ಮೈ ಜುಂ ಅಂದಿತು. ಈಗಲೇ ಹೋಗಿ ಚುಕ್ಕಿಯ ಕೂದಲು ಸರಿಸಿ ನೋಡಿದೆ. ಸ್ವಲ್ಪ ಕೆಂಪಗಿದೆ, ಗಾಯ ಇಲ್ಲ.

ಲೀಡ್ಸ್ ಕನ್ನಡಿಗ
ಹಾಸಿಗೆಗೆ ಏನು ಹಾಕುತ್ತೀರಿ ಎಲ್ಲರೂ? ಇಲ್ಲಿ ನೀರು ಕೆಳಗಿಳಿಸಿ ಮೇಲೆ ಒಣಗಿರುವ ಹಾಸು ಸಿಗುತ್ತದೆ.

ಡಾಬರ್‌ಮನ್ ಮನೆ
ಚಿಕ್ಕ ಮಕ್ಕಳಿಗೆ ಹಾಕುವ ರಬ್ಬರ್ ಶೀಟು, ಮೇಲೆ ನಾಲ್ಕು ಮಡಿಕೆ ಹಳೇ ಕಾಟನ್ ಸೀರೆ ಇಲ್ಲವೇ ಪಂಚೆ. ಅಮ್ಮನ ಸೀರೆಗಳಷ್ಟು ಹೀರುವ ಬಟ್ಟೆ ಅಂಗಡಿಯಲ್ಲಿ ಸಿಗಲ್ಲ. ಒಗೆಯುವಾಗ ಅರ್ಧ ಬಟ್ಟಲು ವಿನೆಗರ್ ಹಾಕಿ, ವಾಸನೆ ಹೋಗುತ್ತೆ. ಅಮೋನಿಯಾ ಇರುವ ಕ್ಲೀನರ್ ಬೇಡ, ಅದರ ವಾಸನೆ ನಾಯಿಗೆ ಉಚ್ಚೆಯ ಹಾಗೇ ಅನಿಸುತ್ತೆ. ಡಯಾಪರ್ ಅನ್ನು ಪ್ರಯಾಣಕ್ಕೆ ಮಾತ್ರ ಹಾಕುತ್ತಿದ್ದೆವು. ಬಾಲಕ್ಕೆ ತೂತು ಮಾಡಿದರೆ ಮಕ್ಕಳದ್ದೇ ಆಗುತ್ತೆ. ನಮ್ಮ ಬಿಸಿಲಲ್ಲಿ ಇಡೀ ದಿನ ಹಾಕಿದರೆ ಚರ್ಮ ಬೇಯುತ್ತದೆ.

ಹಾಸನದ ಹುಡುಗ
34 ಕೆಜಿ ಅಂದಿರಲ್ಲ, ಹೆಣ್ಣು ಲ್ಯಾಬ್‌ಗೆ ಸ್ವಲ್ಪ ಜಾಸ್ತಿ ಅಲ್ವಾ?

ಚುಕ್ಕಿಯಮ್ಮ
ಜಾಸ್ತಿನೇ. ಅತ್ತೆ ಹೊರಗೆ ಕಟ್ಟು ಅನ್ನುತ್ತಾರೆ, ಆದರೆ ಪ್ರತಿ ದಿನ ತುಪ್ಪ ಸವರಿದ ಚಪಾತಿ ಕೊಡುವುದೂ ಅವರೇ.

ದನದ ಡಾಕ್ಟ್ರು
ಚಪಾತಿ ನಿಲ್ಲಿಸಿ. ತೂಕ ಇಳಿದರೆ ಮೂತ್ರಚೀಲದ ಮೇಲಿನ ಒತ್ತಡ ಇಳಿಯುತ್ತದೆ. ಕೆಲವು ನಾಯಿಗಳಿಗೆ ಮಾತ್ರೆಯ ಪ್ರಮಾಣವೇ ಅದರಿಂದ ಕಡಿಮೆ ಆಗುತ್ತದೆ. ಅತ್ತೆಯವರಿಗೆ ಕೊಡಲೇಬೇಕು ಅನಿಸಿದರೆ ಸೌತೆಕಾಯಿ ತುಂಡು ಕೊಡಲಿ. ಮಲಗುವ ಮುಂಚೆ ರಾತ್ರಿ 11ಕ್ಕೆ ಒಂದು ಸಲ ಹೊರಗೆ ಬಿಡಿ.

ಚುಕ್ಕಿಯಮ್ಮ
(ಹದಿನಾರು ದಿನದ ನಂತರ)
ಎಲ್ಲರಿಗೂ ವರದಿ ಒಪ್ಪಿಸಬೇಕು. ನೀರು ಮೂರು ದಿನ ಅಳೆದೆ. 1.7, 1.9, 1.8 ಲೀಟರ್. ಸೌಟು ಎರಡನೇ ದಿನ ಕೆಲಸ ಮಾಡಿತು. ಬೇರೆ ವೈದ್ಯರ ಹತ್ತಿರ ಹೋದೆವು. ಅವರು ನೆಲದ ಮೇಲೆ ಕೂತು ಚುಕ್ಕಿಯ ಹೊಟ್ಟೆ ಪೂರ್ತಿ ಮುಟ್ಟಿ ನೋಡಿದರು. ಉಚ್ಚೆಯಲ್ಲಿ ಸಕ್ಕರೆ ಇಲ್ಲ, ಉಚ್ಚೆ ಗಟ್ಟಿ ಇದೆ, ಆದರೆ ಸೋಂಕು ಇತ್ತು. ಹತ್ತು ದಿನ ಆಂಟಿಬಯೋಟಿಕ್. ಅದಾದ ಮೇಲೂ ಸೋರುವುದು ಅರ್ಧ ಮಾತ್ರ ನಿಂತಿತು. ಸಡಿಲ ಬಾಯಿಯಿಂದಲೇ ಸೋಂಕು ಮೇಲೆ ಹತ್ತಿದೆ, ಎರಡೂ ಇದೆ ಅಂದರು. ಕಳೆದ ಸೋಮವಾರದಿಂದ ಎಸ್ಟ್ರಿಯಾಲ್ ಶುರು.

ನಿನ್ನೆ ಮತ್ತು ಇವತ್ತು ಸೀರೆ ಒಣಗಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಕೈ ಇಟ್ಟು ನೋಡಿದೆ, ಮತ್ತೆ ಇನ್ನೊಂದು ಕಡೆ ಕೈ ಇಟ್ಟು ನೋಡಿದೆ. ಚುಕ್ಕಿ ಎಚ್ಚರ ಆಗಿ ನನ್ನ ಕೈ ಮೂಸಿ ಮತ್ತೆ ಮಲಗಿದಳು.

ಡಾಬರ್‌ಮನ್ ಮನೆ
ಕಣ್ಣಲ್ಲಿ ನೀರು ಬಂತು. ಒಂದೆರಡು ದಿನ ಮತ್ತೆ ಒದ್ದೆ ಆದರೆ ಎದೆಗುಂದಬೇಡಿ, ರಾಣಿಗೂ ಹಾಗೇ ಆಗಿತ್ತು.

ದನದ ಡಾಕ್ಟ್ರು
ತುಂಬಾ ಸಂತೋಷ. ಕೋರ್ಸ್ ಮುಗಿದು ಒಂದು ವಾರ ಆದ ಮೇಲೆ ಉಚ್ಚೆ ಇನ್ನೊಂದು ಸಲ ಪರೀಕ್ಷೆ ಮಾಡಿಸಿ. ಎರಡು ವಾರ ಒಣಗಿದ್ದರೆ ಪ್ರಮಾಣ ಇಳಿಸುವ ಮಾತು ನಿಮ್ಮ ವೈದ್ಯರ ಹತ್ತಿರ ಆಡಿ. ನೀವಾಗಿ ನಿಲ್ಲಿಸಬೇಡಿ.

ಬೀದಿನಾಯಿ ಗೆಳತಿ
ನಾನು ಹೇಳಿದ ಆ ಬಾಕ್ಸರ್ ಈಗ ನಮ್ಮ ಮನೆಯಲ್ಲೇ ಇದೆ. ಇದೇ ಮಾತ್ರೆ, ಎರಡು ದಿನಕ್ಕೊಮ್ಮೆ. ಯಾರ ಮನೆಯದ್ದೋ, ಎಷ್ಟು ಬೈಗುಳ ತಿಂದಿತ್ತೋ. ಮೊದಲ ತಿಂಗಳು ನಾನು ಒರೆಸುವ ಬಟ್ಟೆ ಕೈಗೆತ್ತಿಕೊಂಡರೆ ಸಾಕು, ಮಂಚದ ಕೆಳಗೆ ಹೋಗುತ್ತಿತ್ತು.

ಕರಾವಳಿ ಕುಟುಂಬ
ಈಗ?

ಬೀದಿನಾಯಿ ಗೆಳತಿ
ಈಗ ಆ ಬಟ್ಟೆಯ ಇನ್ನೊಂದು ತುದಿ ಕಚ್ಚಿಕೊಂಡು ಎಳೆಯುತ್ತೆ.

ಚುಕ್ಕಿಯಮ್ಮ
ಅತ್ತೆ ಇವತ್ತು ಸೌತೆಕಾಯಿ ಹೆಚ್ಚಿಟ್ಟು "ಬಾರೇ ಚುಕ್ಕಿ" ಅಂತ ಕರೆದರು. ತಿನ್ನುತ್ತಾಳೆ, ಆದರೆ ಚಪಾತಿ ಡಬ್ಬಿ ಕಡೆಗೇ ನೋಡುತ್ತಾ ತಿನ್ನುತ್ತಾಳೆ.